ಕ್ಯಾನ್ವಾಸಿನ ಬಿಗಿ, ಬೆಣೆಯ ಕೆಲಸ

ತೈಲವರ್ಣದ ಚಿತ್ರ ಮಳೆಗಾಲದಲ್ಲಿ ಜೋತುಬಿದ್ದರೆ ತಪ್ಪೆಲ್ಲ ಮರದ ಮೇಲೆ ಬರುತ್ತದೆ: ಚೌಕಟ್ಟಿನ ಕಟ್ಟಿಗೆ ತೇವ ಹೀರಿ ಉಬ್ಬಿತು, ಅದಕ್ಕೇ ಹೀಗಾಯಿತು ಎಂದು. ಈ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಮರ ಉಬ್ಬುವುದು ನಾರಿಗೆ ಅಡ್ಡವಾಗಿ. ನಾರಿನ ಉದ್ದಕ್ಕಾದರೆ, ಹಸಿಮರ ಪೂರ್ತಿ ಒಣಗಿದರೂ ಕುಗ್ಗುವುದು ಸಾಮಾನ್ಯವಾಗಿ ಸಾವಿರಕ್ಕೆ ಒಂದೆರಡು ಪಾಲು ಮಾತ್ರ. ಚೆನ್ನಾಗಿ ಒಣಗಿದ ನಾಲ್ಕಡಿ ಸಾಗವಾನಿ ಪಟ್ಟಿ ಬೇಸಿಗೆಯಿಂದ ಮಳೆಗಾಲಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯದು. ಬೆಳೆದಿದ್ದರೆ ಕ್ಯಾನ್ವಾಸ್ ಬಿಗಿಯಾಗಬೇಕಿತ್ತು, ಸಡಿಲವಾಗಬಾರದಿತ್ತು. ನಿಜವಾದ ಕಾರಣ ಬಟ್ಟೆಗೆ ಬಳಿದ ಸರೇಸು. ಒಣಹವೆಯಲ್ಲಿ ಅದು ಕುಗ್ಗಿ ಬಲವಾಗಿ ಸೆಳೆಯುತ್ತದೆ, ತೇವದಲ್ಲಿ ಮೆತ್ತಗಾಗಿ ಹಿಡಿತ ಬಿಡುತ್ತದೆ. ಲಂಡನ್ನಿನ ಚಿತ್ರಸಂರಕ್ಷಣಾ ತಜ್ಞ ಜೆರ್ರಿ ಹೆಡ್ಲಿ 1980ರ ದಶಕದಲ್ಲಿ ಈ ಸೆಳೆತದ ಏರಿಳಿತವನ್ನು ಅಳೆದು ತೋರಿಸಿದರು. ತೇವಾಂಶ ತೀರಾ ಹೆಚ್ಚಿದಾಗ ನೂಲೇ ಉಬ್ಬಿ ನೇಯ್ಗೆ ಕುಗ್ಗುವುದೂ ಉಂಟು. ಬೀದರ್ ಪಕ್ಕದ ಜನವಾಡದಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಜುಲೈ-ಆಗಸ್ಟಿನಲ್ಲಿ ಹವೆಯೆಲ್ಲ ತೇವ. ಇಂಥ ಕಡೆ ಬಟ್ಟೆ ವರ್ಷಪೂರ್ತಿ ಬದಲಾಗುತ್ತಲೇ ಇರುತ್ತದೆ, ಮರ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಚೌಕಟ್ಟಿನ ಮೂಲೆಗಳು ಸರಿಯುವಂತಿರಬೇಕು ಎಂಬುದು ನನ್ನ ವಾದ.

ಯುರೋಪಿನಲ್ಲಿ ಹದಿನೆಂಟನೇ ಶತಮಾನದ ನಡುವೆ ಬಳಕೆಗೆ ಬಂದ ಬೆಣೆಯ ಚೌಕಟ್ಟು ಇದನ್ನೇ ಮಾಡುತ್ತದೆ. ಒಂದು ಪಟ್ಟಿಯ ನಾಲಿಗೆ ಇನ್ನೊಂದರ ಸೀಳಿನಲ್ಲಿ ಕೂರುತ್ತದೆ. ಅಲ್ಲಿ ಅಂಟೂ ಇಲ್ಲ, ಮೊಳೆಯೂ ಇಲ್ಲ. ಒಳಗಿನಿಂದ ಮೂಲೆಗೆ ಎರಡರಂತೆ ಬೆಣೆ ತಟ್ಟಿದರೆ ಮೂಲೆ ಕೂದಲೆಳೆಯಷ್ಟು ತೆರೆದು ಬಟ್ಟೆ ಬಿಗಿಯುತ್ತದೆ. ಪಟ್ಟಿಯ ದಪ್ಪ-ಅಗಲ ನಿರ್ಧರಿಸುವುದೂ ಬಟ್ಟೆಯ ಸೆಳೆತವೇ. ಸೆಂಟಿಮೀಟರಿಗೆ 200 ಗ್ರಾಂ ಸೆಳೆತ ಎಂದಿಟ್ಟುಕೊಂಡರೆ ನಾಲ್ಕಡಿ ಪಟ್ಟಿಯ ಮೇಲೆ ಒಟ್ಟು 24 ಕಿಲೋ ಭಾರ ಬೀಳುತ್ತದೆ. ಎರಡಿಂಚು ಅಗಲ, ಮುಕ್ಕಾಲಿಂಚು ದಪ್ಪದ ಪಟ್ಟಿ ಆಗ ನಡುವೆ ಎರಡೂವರೆ ಮಿಲಿಮೀಟರಿನಷ್ಟು ಒಳಬಾಗುತ್ತದೆ. ಉದ್ದ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟಾಗುತ್ತದೆ, ಅಗಲ ಇಮ್ಮಡಿಯಾದರೆ ಎಂಟನೇ ಒಂದಕ್ಕೆ ಇಳಿಯುತ್ತದೆ. ದೊಡ್ಡ ಚಿತ್ರಕ್ಕೆ ನಡುವೆ ಅಡ್ಡಪಟ್ಟಿ ಬೇಕಾಗುವುದು ಇದಕ್ಕೇ. ಪಟ್ಟಿಯ ಮುಂಬದಿಯನ್ನು ಒಳಕ್ಕೆ ಇಳಿಜಾರಾಗಿ ಹೆರೆಯದಿದ್ದರೆ ಅದರ ಅಂಚು ಬಟ್ಟೆಗೆ ತಾಗಿ, ವರ್ಷಗಳು ಕಳೆದಂತೆ ಬಣ್ಣದ ಮೇಲೆ ಗೆರೆ ಮೂಡುತ್ತದೆ. ಮೂರಡಿಗೆ ನಾಲ್ಕಡಿಯ ಚೌಕಟ್ಟಿನ ಎರಡೂ ಕರ್ಣ ಸರಿಯಾಗಿ ಐದಡಿ ಬಂದರೆ ಮೂಲೆಗಳು ನೇರವಾಗಿವೆ ಎಂದರ್ಥ.

ಮೊಳೆ ಹೊಡೆದು ಫೆವಿಕಾಲ್ ಹಾಕಿದ ಚೌಕಟ್ಟು ಅಗ್ಗ, ಅದರ ಮೇಲೂ ಚಿತ್ರಗಳು ಬಾಳಿವೆ ಎನ್ನುವವರಿದ್ದಾರೆ. ಒಂದೂವರೆ ಅಡಿಯೊಳಗಿನ ಚಿತ್ರಕ್ಕೆ ಆ ಮಾತು ಒಪ್ಪತಕ್ಕದ್ದೇ. ಈಗಿನ ಅಕ್ರಿಲಿಕ್ ಲೇಪದ ಕ್ಯಾನ್ವಾಸಿನಲ್ಲಿ ಸರೇಸೇ ಇಲ್ಲವಲ್ಲ ಎಂಬ ಆಕ್ಷೇಪವೂ ಉಂಟು. ಆದರೆ ಸರೇಸಿಲ್ಲದ ಹತ್ತಿಬಟ್ಟೆಯೂ ಸದಾ ಎಳೆತದಲ್ಲಿದ್ದರೆ ನಿಧಾನವಾಗಿ ಹಿಗ್ಗುತ್ತದೆ, ಮೂಲೆಗೆ ಅಂಟು ಬಿದ್ದಿದ್ದರೆ ಬಟ್ಟೆ ಬಿಚ್ಚಿ ಮತ್ತೆ ಎಳೆಯದೆ ಬೇರೆ ದಾರಿಯಿಲ್ಲ. ಮೂರನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಬೆಣೆ ಕೈಗೆಟುಕುವಂತಿದ್ದರೆ ಜನ ಅತಿಯಾಗಿ ಬಡಿದು ಚಿತ್ರ ಕೆಡಿಸುತ್ತಾರೆ. ಇದು ನಿಜ. ಆಗಸ್ಟಿನಲ್ಲಿ ಬಿಗಿದ ಬಟ್ಟೆಯನ್ನು ಮುಂದಿನ ಮೇ ತಿಂಗಳಲ್ಲಿ ಸರೇಸು ಇನ್ನಷ್ಟು ಸೆಳೆದಾಗ ಒಣಗಿ ಪೆಡಸಾದ ಬಣ್ಣ ಬಿರುಕು ಬಿಡುತ್ತದೆ. ಆದರೆ ಇದು ಬಳಸುವವರ ಆತುರದಿಂದ ಆಗುವ ಹಾನಿ, ಬೆಣೆಯ ದೋಷವಲ್ಲ. ತೈಲವರ್ಣ ಕಲಾವಿದ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಬೀದರ್ ಪಕ್ಕದ ಕಲಬುರಗಿಯಲ್ಲಿ. ಇಂದು ಈ ಸೀಮೆಯಲ್ಲಿ ಬರೆಯುತ್ತಿರುವವರ ಚಿತ್ರಗಳೂ ನೂರು ವರ್ಷ ಉಳಿಯಬೇಕು. ಬಡಿಗರಿಗೆ ಅಳತೆ ಕೊಡುವಾಗ ಮೂಲೆಗೆ ಅಂಟು ಬೇಡ, ಬೆಣೆಗೆ ಜಾಗ ಬಿಡಿ ಎಂದು ಹೇಳಿ. ಮಳೆಗಾಲದಲ್ಲಿ ಚಿತ್ರ ಸಡಿಲಾದರೆ ಅಕ್ಟೋಬರ್ ಕಳೆಯುವವರೆಗೆ ಬೆಣೆ ಮುಟ್ಟಬೇಡಿ. ಆಗಲೂ ಸಡಿಲವಿದ್ದರೆ ಎಲ್ಲ ಮೂಲೆಗಳಿಗೂ ಸಮನಾಗಿ, ಹಗುರವಾಗಿ ತಟ್ಟಿ.