ಬೈಕಿನಲ್ಲಿ ತಿಂಡಿ ಕಳುಹಿಸುವ ಸದಸ್ಯರ ಗಮನಕ್ಕೆ

ಮದುವೆ, ಉಪನಯನದಂತಹ ದೊಡ್ಡ ಆರ್ಡರುಗಳಿಗೆ ನಾವು ಟೆಂಪೋ ಕಳುಹಿಸುತ್ತೇವೆ. ಆದರೆ ನಮ್ಮಲ್ಲಿ ಬಹುಪಾಲು ಮಂದಿಯ ದಿನನಿತ್ಯದ ವ್ಯವಹಾರ ನಡೆಯುವುದು ದ್ವಿಚಕ್ರ ವಾಹನದ ಮೇಲೆಯೇ. ಬೆಳಿಗ್ಗೆ ಕಚೇರಿಗಳಿಗೆ ಇಡ್ಲಿ-ಸಾಂಬಾರು, ಮಧ್ಯಾಹ್ನ ಊಟದ ಡಬ್ಬಿ, ಸಂಜೆ ಸತ್ಯನಾರಾಯಣ ಪೂಜೆಗೆ ಐವತ್ತು ಜನರ ಫಲಾಹಾರ, ನಡುವೆ ಮಾರ್ಕೆಟಿನಿಂದ ತೆಂಗಿನಕಾಯಿ, ಬಾಳೆಎಲೆ – ಇವೆಲ್ಲ ಒಬ್ಬ ಹುಡುಗ, ಒಂದು ಬೈಕ್ ಎಂಬ ಲೆಕ್ಕದಲ್ಲಿಯೇ ಸಾಗುತ್ತವೆ. ಆ ಹುಡುಗ ಕುಂದಾಪುರದ ಕಡೆಯವನೋ, ಹಾಸನದ ಕಡೆಯವನೋ ಆಗಿರುತ್ತಾನೆ. ಅವನ ತಂದೆತಾಯಿ ನಮ್ಮನ್ನು ನಂಬಿ ಕಳುಹಿಸಿರುತ್ತಾರೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತವರು 50,029. ಇವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಹಿಂದೆ ಕುಳಿತವನಿಗೆ ಹೆಲ್ಮೆಟ್ ಏಕೆ ಎಂದು ಕೇಳುವ ಸದಸ್ಯರು ಈ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ಎಷ್ಟು ಹೊರಿಸಬಹುದು?

ಇದಕ್ಕೊಂದು ನಿಯಮ ಇದೆ ಎಂಬುದೇ ಹಲವರಿಗೆ ತಿಳಿದಿಲ್ಲ. 2020ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ ಮೋಟಾರ್ ಸೈಕಲ್ಲಿಗೆ ಕೂರಿಸುವ ಡಬ್ಬ 550 ಮಿ.ಮೀ. ಉದ್ದ, 510 ಮಿ.ಮೀ. ಅಗಲ, 500 ಮಿ.ಮೀ. ಎತ್ತರ ಮೀರಬಾರದು. ಒಳಗಿನ ಸಾಮಾನು ಸೇರಿ ತೂಕ 30 ಕಿಲೋ ದಾಟಬಾರದು. ಆ ಡಬ್ಬವನ್ನು ಹಿಂದಿನ ಸೀಟಿನ ಮೇಲೆಯೇ ಕೂರಿಸಿದ್ದರೆ ಇನ್ನೊಬ್ಬನನ್ನು ಕೂರಿಸುವಂತಿಲ್ಲ. ಡಬರಿ ಹಿಡಿದುಕೊಳ್ಳಲು ಹಿಂದೊಬ್ಬ ಎಂಬ ನಮ್ಮ ಹಳೆಯ ಏರ್ಪಾಡು ಇದರೊಂದಿಗೆ ಹೊಂದುವುದಿಲ್ಲ.

30 ಕಿಲೋ ಎಂದರೆ ನಮ್ಮ ಭಾಷೆಯಲ್ಲಿ ಎಷ್ಟು? ಅರವತ್ತು ಪ್ಲೇಟು ಇಡ್ಲಿಯ ಆರ್ಡರ್ ಎಂದಿಟ್ಟುಕೊಳ್ಳೋಣ. ಇಡ್ಲಿ 120, ಒಂದಕ್ಕೆ 50 ಗ್ರಾಂ ಹಿಡಿದರೆ 6 ಕಿಲೋ. ಸಾಂಬಾರು 10 ಲೀಟರ್, ಅಂದರೆ 10 ಕಿಲೋಗಿಂತ ತುಸು ಮೇಲೆ. ಚಟ್ನಿ 4 ಕಿಲೋ. ಸ್ಟೀಲ್ ಕ್ಯಾನು, ಡಬ್ಬ, ಸೌಟು ಎಲ್ಲ ಸೇರಿ 5-6 ಕಿಲೋ. ಒಟ್ಟು 26ರ ಆಸುಪಾಸು. ಇದು ಒಂದು ಬೈಕಿನ ಕೆಲಸ. ನೂರು ಪ್ಲೇಟು ಆದಾಗ ಅದೇ ಲೆಕ್ಕ 40 ಕಿಲೋ ದಾಟುತ್ತದೆ. ಅಲ್ಲಿಗೆ ಎರಡು ಟ್ರಿಪ್ ಮಾಡಬೇಕು, ಇಲ್ಲವೇ ರಿಕ್ಷಾ ಟೆಂಪೋ ಕರೆಯಬೇಕು. ಅದರ ಬಾಡಿಗೆಯನ್ನು ಪಾರ್ಟಿಗೆ ಕೊಡುವ ಕೊಟೇಶನ್ನಿನಲ್ಲಿ ಮೊದಲೇ ಸೇರಿಸಿಬಿಡುವುದು ಒಳ್ಳೆಯದು. ಆಮೇಲೆ ಕೇಳಿದರೆ ಯಾವ ಪಾರ್ಟಿಯೂ ಕೊಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ.

ತೂಕದ ಜೊತೆಗೆ ಅದು ಇರುವ ಜಾಗವೂ ಮುಖ್ಯ. ಭಾರವೆಲ್ಲ ಹಿಂದಿನ ಕ್ಯಾರಿಯರಿನ ಮೇಲಿದ್ದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ. ಭಾರ ಎತ್ತರದಲ್ಲಿದ್ದಷ್ಟೂ ತಿರುವಿನಲ್ಲಿ ಬೈಕ್ ಹೆಚ್ಚು ಓಲಾಡುತ್ತದೆ. ಸಾಂಬಾರಿನದು ಇನ್ನೊಂದು ತೊಂದರೆ. ಅರ್ಧ ತುಂಬಿದ ಕ್ಯಾನಿನಲ್ಲಿ ಬ್ರೇಕ್ ಹಾಕಿದಾಗ ಸಾಂಬಾರು ಮುಂದಕ್ಕೆ ನುಗ್ಗಿ, ಮತ್ತೆ ಹಿಂದಕ್ಕೆ ಹೊಡೆಯುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ಹೊಡೆಯುತ್ತದೆ. ಸವಾರನಿಗೆ ಯಾರೋ ಹಿಂದಿನಿಂದ ದೂಡಿದಂತೆ ಅನಿಸುತ್ತದೆ. ದೊಡ್ಡ ಕ್ಯಾನನ್ನು ಅರ್ಧ ತುಂಬುವುದಕ್ಕಿಂತ ಸಣ್ಣ ಎರಡು ಕ್ಯಾನುಗಳನ್ನು ಕುತ್ತಿಗೆಯ ತನಕ ತುಂಬಿ, ಕ್ಲಿಪ್ಪಿನ ಮುಚ್ಚಳ ಹಾಕಿ, ಎರಡು ಬದಿಗೂ ಸಮನಾಗಿ ಕಟ್ಟುವುದೇ ಸರಿ.

ಸ್ಕೂಟರಿನಲ್ಲಿ ಕಾಲ ನಡುವೆ ಕ್ಯಾನ್ ಇಟ್ಟುಕೊಂಡು ಹೋಗುವವರನ್ನು ದಿನಾ ನೋಡುತ್ತೇವೆ. ಎರಡೂ ಕಾಲು ಹೊರಗೆ, ಹ್ಯಾಂಡಲ್ ಪೂರ್ತಿ ತಿರುಗದು, ಬಿದ್ದರೆ ಕುದಿಯುವ ಸಾಂಬಾರು ತೊಡೆಯ ಮೇಲೆ. ಸಣ್ಣ ಬೀಳುವಿಕೆಯಲ್ಲಿ ಮೂಳೆ ಉಳಿದರೂ ಚರ್ಮ ಉಳಿಯುವುದಿಲ್ಲ. ಹ್ಯಾಂಡಲಿಗೆ ಚೀಲ ತೂಗುಹಾಕುವುದೂ ಬೇಡ. ಚೀಲ ಬ್ರೇಕಿನ ಹಿಡಿಗೆ ಅಡ್ಡ ಬರುತ್ತದೆ, ಚಕ್ರಕ್ಕೂ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ನಮ್ಮ ಅಡುಗೆಮನೆಗಷ್ಟೇ ಸಂಬಂಧಿಸಿದ ಮಾತು. ಬಾಣಲೆಯ ಪಕ್ಕದಿಂದ ಎದ್ದು ಬಂದ ಹುಡುಗನ ಹವಾಯಿ ಚಪ್ಪಲಿಯ ಅಡಿ ತುಂಬ ಎಣ್ಣೆ ಇರುತ್ತದೆ. ಬ್ರೇಕ್ ಪೆಡಲಿನ ಮೇಲೆ ಆ ಕಾಲು ಜಾರುತ್ತದೆ. ಗಾಡಿ ತೆಗೆಯುವ ಮೊದಲು ಕೈತೊಳೆದು, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕುವ ಪದ್ಧತಿ ಮಾಡಿಸಿದರೆ ಖರ್ಚೇನೂ ಇಲ್ಲ.

ಹತ್ತು ನಿಮಿಷದ ಬೆಲೆ

ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿನಲ್ಲಿ 11 ಮೀಟರ್ ಮುಂದೆ ಹೋಗಿರುತ್ತದೆ. ಅಡ್ಡ ಬಂದವರನ್ನು ಕಂಡು ಬ್ರೇಕಿಗೆ ಕೈ ಹೋಗಲು ಅಷ್ಟು ಹೊತ್ತು ಬೇಕೇ ಬೇಕು. ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಅಷ್ಟೇ ದೂರ. ಒಟ್ಟು ಸುಮಾರು 22 ಮೀಟರ್. ವೇಗ 60 ಆದರೆ ಇದು 40 ಮೀಟರ್ ದಾಟುತ್ತದೆ, ಏಕೆಂದರೆ ಬ್ರೇಕಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮುಂಬಯಿಯ ಪೇವರ್ ಬ್ಲಾಕ್, ಅಗೆದ ರಸ್ತೆಗೆ ಹಾಸಿದ ಕಬ್ಬಿಣದ ತಗಡು, ಜೀಬ್ರಾ ಪಟ್ಟೆಯ ಬಣ್ಣ, ಗಟಾರದ ಮುಚ್ಚಳ ಇವೆಲ್ಲ ಒದ್ದೆಯಾದಾಗ ಸಾಬೂನಿನಂತೆ. ಮೊದಲ ಮಳೆಯ ದಿನ ರಸ್ತೆಯ ಎಣ್ಣೆಯೆಲ್ಲ ಮೇಲೇಳುವುದರಿಂದ ಅಂದು ವಿಶೇಷ ಎಚ್ಚರ ಬೇಕು.

ಹುಡುಗ ವೇಗವಾಗಿ ಓಡಿಸುವುದು ಅವನ ಹುಡುಗಾಟದಿಂದ ಎಂದು ನಾವು ಹೇಳುತ್ತೇವೆ. ಅರ್ಧ ನಿಜ. ಉಳಿದರ್ಧ ಎಂದರೆ ಎಂಟೂವರೆಗೆ ತಲುಪಬೇಕಾದ ತಿಂಡಿ ಎಂಟೂಕಾಲಿಗೆ ಒಲೆಯಿಂದ ಇಳಿದಿರುತ್ತದೆ. ಅಡುಗೆಮನೆಯಲ್ಲಿ ಕಳೆದುಕೊಂಡ ಹತ್ತು ನಿಮಿಷವನ್ನು ರಸ್ತೆಯಲ್ಲಿ ಸಂಪಾದಿಸು ಎಂದು ಫೋನಿನ ಮೇಲೆ ಫೋನು ಮಾಡುವವರು ಮಾಲಕರು. ಹುಡುಗ ಗಾಡಿಯ ಮೇಲಿರುವಾಗ ನಾವೇ ಫೋನು ಮಾಡಬಾರದು. ಪಾರ್ಟಿಗೂ ಅವನ ನಂಬರಿನ ಬದಲು ಅಂಗಡಿಯ ನಂಬರನ್ನೇ ಕೊಡಬೇಕು.

ಹೆಲ್ಮೆಟ್

ಸವಾರ ಮತ್ತು ಹಿಂದೆ ಕುಳಿತವರು ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ ಎಂಬುದು ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲಿದೆ. 2019ರ ತಿದ್ದುಪಡಿಯ ನಂತರ ಕೇಂದ್ರ ಕಾಯ್ದೆಯಲ್ಲಿ ದಂಡ 1,000 ರೂ., ಮೇಲೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಸ್ಥಳದಲ್ಲೇ ವಸೂಲು ಮಾಡುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಹಿಂದಿನ ಸವಾರರಿಗೂ ಕಡ್ಡಾಯ ಮಾಡಿದರು. ಮುಂಬಯಿಯ ಟ್ರಾಫಿಕ್ ಪೊಲೀಸರು ಇದನ್ನು ಬಿಗಿ ಮಾಡಿದ್ದು 2022ರ ಜೂನಿನಲ್ಲಿ. ಪುಣೆಯ ಕತೆ ಬೇರೆ. ಅಲ್ಲಿ 2019ರ ಜನವರಿಯಲ್ಲಿ ಪೊಲೀಸರು ಕಡ್ಡಾಯಕ್ಕೆ ಹೊರಟಾಗ ಹೆಲ್ಮೆಟ್ ವಿರೋಧಿಸಿ ಮೆರವಣಿಗೆಯೇ ನಡೆಯಿತು. ಊರೊಳಗಿನ ನಿಧಾನದ ಓಡಾಟಕ್ಕೆ ಅದೇಕೆ ಎಂಬುದು ಅವರ ವಾದ. ನಿಂತ ಬೈಕಿನಿಂದ ಬಿದ್ದರೂ ತಲೆ ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬಡಿಯುತ್ತದೆ ಎಂಬುದನ್ನು ಈ ವಾದ ಲೆಕ್ಕಕ್ಕೆ ಹಿಡಿಯುವುದಿಲ್ಲ.

2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದು, ಮಾರುವುದು ಎರಡೂ ಅಪರಾಧ. ಮಾನಕದ ಸಂಖ್ಯೆ ಐಎಸ್ 4151. ಫುಟ್‌ಪಾತಿನ ಪ್ಲಾಸ್ಟಿಕ್ ಟೋಪಿ ಪೊಲೀಸರಿಗೆ ತೋರಿಸಲು ಮಾತ್ರ. ಹೆಲ್ಮೆಟಿನಲ್ಲಿ ನಿಜವಾದ ಕೆಲಸ ಮಾಡುವುದು ಒಳಗಿನ ದಪ್ಪ ಥರ್ಮೋಕೋಲ್. ಅದು ತಾನು ಕುಸಿದು ಪೆಟ್ಟನ್ನು ನುಂಗುತ್ತದೆ. ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ. ಆದ್ದರಿಂದ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟನ್ನು ಹೊರಗೆ ಚೆನ್ನಾಗಿ ಕಂಡರೂ ಎಸೆಯಬೇಕು. ಗದ್ದದ ಪಟ್ಟಿ ಹಾಕದ ಹೆಲ್ಮೆಟ್ ಬೀಳುವ ಮೊದಲೇ ತಲೆ ಬಿಟ್ಟು ಹೋಗುತ್ತದೆ. ಅಂಗಡಿಗೆಲ್ಲ ಒಂದೇ ಹೆಲ್ಮೆಟ್ ಇಟ್ಟು ನಾಲ್ಕು ಹುಡುಗರಿಗೆ ಕೊಟ್ಟರೆ, ಬೆವರಿನ ವಾಸನೆಗೆ ಯಾರೂ ಹಾಕುವುದಿಲ್ಲ, ಹಾಕಿದರೂ ಅಳತೆ ಸರಿಯಿರುವುದಿಲ್ಲ. ಒಬ್ಬೊಬ್ಬನಿಗೆ ಒಂದೊಂದು ತೆಗೆಸಿ ಹೆಸರು ಬರೆಸಿ.

ವಿಮೆಯ ಕಾಗದವನ್ನು ಒಮ್ಮೆ ತೆಗೆದು ಓದಿ

ನಮ್ಮ ದೃಷ್ಟಿಯಲ್ಲಿ ಈ ಲೇಖನದ ಮುಖ್ಯ ಭಾಗ ಇದು. ಇನ್ಶೂರೆನ್ಸ್ ಇದೆ ಎಂದು ನಾವೆಲ್ಲ ಹೇಳುತ್ತೇವೆ. ಯಾವುದಕ್ಕೆ ಇದೆ?

ಖಾಸಗಿ ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಣ್ಣಕ್ಷರದ ಸಾಲುಗಳಿರುತ್ತವೆ. ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು ಇವುಗಳಿಗೆ ಈ ಪಾಲಿಸಿ ಅನ್ವಯಿಸದು. ಮಾದರಿ ಸಾಮಾನು ಮತ್ತು ಸ್ವಂತ ಲಗೇಜು ಮಾತ್ರ ಪರವಾಗಿಲ್ಲ ಎಂಬುದು ಅದರ ತಾತ್ಪರ್ಯ. ಗಿರಾಕಿಗೆ ತಲುಪಿಸುವ ಇಡ್ಲಿ ಡಬ್ಬವನ್ನು ಸ್ವಂತ ಲಗೇಜು ಎಂದು ವಿಮಾ ಕಂಪೆನಿ ಒಪ್ಪೀತು ಎಂದು ನಂಬಿ ಕೂರುವುದು ಸರಿಯಲ್ಲ. ನಿಮ್ಮ ಏಜೆಂಟರಲ್ಲಿ ಬಳಕೆ ಏನೆಂದು ಬಾಯಿಬಿಟ್ಟು ಹೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಎರಡನೆಯದು ಹಿಂದೆ ಕುಳಿತವನದು. ಬರೀ ಥರ್ಡ್ ಪಾರ್ಟಿ ಪಾಲಿಸಿ ಹಿಂದಿನ ಸೀಟಿನವನನ್ನು ಒಳಗೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಮ್ಮದು ಫುಲ್ ಇನ್ಶೂರೆನ್ಸ್ ಎನ್ನುತ್ತೀರಾ? 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ಜೊತೆಗೆ ಕೊಡುವ ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಕಾಗದದ ಮೇಲೆ ಐದು ವರ್ಷ ಎಂದು ಕಂಡು ನಿಶ್ಚಿಂತೆಯಿಂದಿರುವವರ ಗಾಡಿ ಎರಡನೆಯ ವರ್ಷದಿಂದ ಬರೀ ಥರ್ಡ್ ಪಾರ್ಟಿಯ ಮೇಲೆ ಓಡುತ್ತಿರಬಹುದು.

ಮೂರನೆಯದು, 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದು ವಾಹನದ ಮಾಲಕ ತಾನೇ ಲೈಸೆನ್ಸ್ ಹೊಂದಿ ಓಡಿಸುವಾಗ ಮಾತ್ರ. ಆರ್.ಸಿ. ನಿಮ್ಮ ಹೆಸರಿನಲ್ಲಿದ್ದು ಓಡಿಸುವವನು ಕೆಲಸದ ಹುಡುಗನಾದರೆ ಆ 15 ಲಕ್ಷದಲ್ಲಿ ಅವನ ಮನೆಯವರಿಗೆ ಒಂದು ರೂಪಾಯಿಯೂ ಇಲ್ಲ. ಆದರೆ ಕೆಲಸದ ಮೇಲೆ ಹೋದಾಗ ಆದ ಅಪಘಾತಕ್ಕೆ ಪರಿಹಾರ ಕೊಡುವ ಹೊಣೆ ಮಾಲಕರದ್ದೇ. 1923ರ ಕಾಯ್ದೆಯಲ್ಲಿದ್ದ ಈ ಹೊಣೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ನಿಮ್ಮ ಹುಡುಗರು ಇಎಸ್‌ಐಯಲ್ಲಿ ಇದ್ದರೆ ಆ ಭಾರ ಅಲ್ಲಿಗೆ ಹೋಗುತ್ತದೆ. ಇಲ್ಲವಾದರೆ ನೌಕರರ ಪರಿಹಾರದ ವಿಮೆಯೊಂದನ್ನು ಪ್ರತ್ಯೇಕವಾಗಿ ಮಾಡಿಸುವುದು ಅಗತ್ಯ. ಬೇರೆಬೇರೆಯಾಗಿ ಮಾಡಿಸುವುದಕ್ಕಿಂತ ಸಂಘದ ಮೂಲಕ ಒಟ್ಟಾಗಿ ಕೇಳಿದರೆ ಪ್ರೀಮಿಯಂ ಇಳಿಯಬಹುದು. ಮುಂದಿನ ಸಭೆಯಲ್ಲಿ ಇದನ್ನು ಎತ್ತಬೇಕೆಂಬುದು ನಮ್ಮ ಅಭಿಪ್ರಾಯ.

ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟರೆ ಕೊಟ್ಟವರಿಗೆ ಬೇರೆಯೇ 5,000 ರೂ. ದಂಡ. ಅಪಘಾತವಾದರೆ ನೊಂದವರಿಗೆ ವಿಮಾ ಕಂಪೆನಿ ಮೊದಲು ಕೊಟ್ಟು, ಆಮೇಲೆ ಅದನ್ನು ನಿಮ್ಮಿಂದ ವಸೂಲು ಮಾಡಬಹುದು. ರಜೆಯಲ್ಲಿ ಊರಿನಿಂದ ಬಂದ ಹದಿನಾರರ ಹುಡುಗನ ಕೈಗೆ ಕೀಲಿ ಕೊಡುವುದಂತೂ ಬೇಡವೇ ಬೇಡ. ಅವನು ತಪ್ಪು ಮಾಡಿದರೆ ಮಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಊರಿನಲ್ಲಿ ಪಡೆದ ಕರ್ನಾಟಕದ ಲೈಸೆನ್ಸ್ ದೇಶದಲ್ಲೆಲ್ಲ ನಡೆಯುತ್ತದೆ. ಅದನ್ನು ಇಲ್ಲಿ ಹೊಸದಾಗಿ ಮಾಡಿಸಬೇಕಿಲ್ಲ.

ರಸ್ತೆಯ ತಪ್ಪಿಗೆ ಯಾರು ಹೊಣೆ?

ಸವಾರನಿಗೆ ಬುದ್ಧಿ ಹೇಳಿದರೆ ಸಾಲದು. ರಸ್ತೆಯ ಹೊಂಡಕ್ಕೆ ಹೆಲ್ಮೆಟ್ ಉತ್ತರವಲ್ಲ. 2015ರ ಜುಲೈಯಲ್ಲಿ ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡಿನಲ್ಲಿ ಮಳೆನೀರು ತುಂಬಿದ್ದ ಹೊಂಡಕ್ಕೆ ಬೈಕ್ ಬಿದ್ದು ಹಿಂದೆ ಕುಳಿತಿದ್ದ 16ರ ಪ್ರಕಾಶ್ ಬಿಲ್ಹೋರೆ ತೀರಿಕೊಂಡ. ಅವನ ತಂದೆ, ತರಕಾರಿ ವ್ಯಾಪಾರಿ ದಾದಾರಾವ್ ಬಿಲ್ಹೋರೆ, ಅಂದಿನಿಂದ ತಾವೇ ಕಲ್ಲುಮಣ್ಣು ತಂದು ಮುಂಬಯಿಯ ಹೊಂಡಗಳನ್ನು ಮುಚ್ಚುತ್ತ ಬಂದರು.

ಕೊಯಮತ್ತೂರಿನ ಮೂಳೆ ವೈದ್ಯ ಡಾ. ಎಸ್. ರಾಜಶೇಖರನ್ ಅವರದು ಇನ್ನೊಂದು ದಾರಿ. ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2014ರಲ್ಲಿ ರಸ್ತೆ ಸುರಕ್ಷತಾ ಸಮಿತಿ ನೇಮಿಸಿತು. ಮೇಲೆ ಹೇಳಿದ ಐದು ವರ್ಷದ ವಿಮೆ ಬಂದದ್ದೂ ಅದೇ ಪ್ರಕರಣದಿಂದ. 2019ರ ತಿದ್ದುಪಡಿಯ 198ಎ ಕಲಮು ರಸ್ತೆಯನ್ನು ಕೆಟ್ಟದಾಗಿ ಕಟ್ಟಿದ, ನೋಡಿಕೊಳ್ಳದ ಅಧಿಕಾರಿ ಮತ್ತು ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ ವಿಧಿಸುತ್ತದೆ. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು, ಹೊಂಡದಿಂದ ಸತ್ತವರ ಮನೆಯವರಿಗೆ 6 ಲಕ್ಷ ರೂ., ಗಾಯಗೊಂಡವರಿಗೆ 50,000ದಿಂದ ಎರಡೂವರೆ ಲಕ್ಷದವರೆಗೆ ಪರಿಹಾರ ಕೊಡಬೇಕೆಂದು ಆದೇಶಿಸಿದೆ. ನಿಮ್ಮ ಹುಡುಗ ಹೊಂಡಕ್ಕೆ ಬಿದ್ದರೆ, ‘ಸ್ಕಿಡ್ ಆಯಿತು’ ಎಂದಷ್ಟೇ ಬರೆಸಿ ಬಿಡಬೇಡಿ. ಹೊಂಡದ ಫೋಟೋ, ಜಾಗ, ಸಮಯ, ಆಸ್ಪತ್ರೆಯ ಕಾಗದ ಇವನ್ನು ಅದೇ ದಿನ ಕೂಡಿಸಿಡಿ. ಎರಡು ದಿನ ಬಿಟ್ಟರೆ ಹೊಂಡಕ್ಕೆ ಜಲ್ಲಿ ಬಿದ್ದಿರುತ್ತದೆ.

ಬಿದ್ದವರನ್ನು ಕಂಡರೆ

ಪೊಲೀಸ್ ಠಾಣೆ ಅಲೆಯಬೇಕಾದೀತೆಂದು ನಮ್ಮ ಹುಡುಗರು ಗಾಡಿ ನಿಲ್ಲಿಸದೆ ಹೋಗುತ್ತಾರೆ. ಆ ಭಯ ಈಗ ಬೇಡ. 2016ರ ಸುಪ್ರೀಂ ಕೋರ್ಟಿನ ಆದೇಶ ಮತ್ತು 2019ರ 134ಎ ಕಲಮಿನ ಪ್ರಕಾರ ಸಹಾಯ ಮಾಡಿದವರನ್ನು ಹೆಸರು ಹೇಳಲು ಕೂಡ ಒತ್ತಾಯಿಸುವಂತಿಲ್ಲ. 112ಕ್ಕೆ ಫೋನು ಮಾಡಬೇಕು. 2025ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂ. ತನಕ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಇದು ನಮ್ಮ ಹುಡುಗರಿಗೂ ಸಿಗುವ ಸೌಲಭ್ಯವೇ. ಬಿದ್ದವನು ಉಸಿರಾಡುತ್ತಿದ್ದರೆ ಹೆಲ್ಮೆಟನ್ನು ಎಳೆದು ತೆಗೆಯಬಾರದು, ಕುತ್ತಿಗೆಗೆ ಪೆಟ್ಟಾಗಿರಬಹುದು. ಬಾಯಿಗೆ ನೀರು ಹಾಕಲೂಬಾರದು.

ಪ್ರತಿ ಗಾಡಿಯ ಆರ್.ಸಿ., ವಿಮೆ, ಓಡಿಸುವವನ ಲೈಸೆನ್ಸ್ ಇವುಗಳ ನಕಲು ಮತ್ತು ಅವನ ಊರಿನ ಮನೆಯ ಫೋನ್ ನಂಬರನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಒಂದು ಫೈಲಿನಲ್ಲಿ ಇಟ್ಟಿರಿ. ವಿಮೆ ಮುಗಿಯುವ ತಾರೀಕನ್ನು ಫೈಲಿನ ಹೊರಗೇ ದೊಡ್ಡದಾಗಿ ಬರೆದಿರಲಿ, ಮುಖ್ಯವಾಗಿ ಸ್ವಂತ ಹಾನಿಯ ಭಾಗ ಮುಗಿಯುವ ತಾರೀಕು.