ಇಬ್ಬರು ಮಕ್ಕಳು, ಒಂದು ಗಾಡಿ



ಎರಡು ವರ್ಷದ ಮಗಳು, ಎಂಟು ತಿಂಗಳ ಕೂಸು, ಬಟ್ಟೆಯ ಚೀಲ, ಹಾಲಿನ ಬಾಟಲಿ. ತಾಯಿ ಒಬ್ಬರೇ ಪ್ರಯಾಣ ಹೊರಟಿದ್ದಾರೆ. ಇಬ್ಬರು ಮಕ್ಕಳು ಕೂರುವ ಸ್ಟ್ರಾಲರ್, ಅಂದರೆ ಮಕ್ಕಳ ತಳ್ಳುಗಾಡಿ, ಇವರಿಗೆ ನೆರವಾದೀತೇ? ಖಂಡಿತ. ಆದರೆ ಅಂಗಡಿಯಲ್ಲಿ ಅದರ ಅಂದಕ್ಕೆ ಮರುಳಾಗದೆ ಆರಿಸಬೇಕು.

ಹಗುರವಾಗಿ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದವರು ಬ್ರಿಟನ್ನಿನ ಓವನ್ ಮ್ಯಾಕ್ಲಾರೆನ್. ಅವರು ವಿಮಾನದ ಇಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಚೌಕಟ್ಟಿನ ವಿನ್ಯಾಸದಲ್ಲಿ ದುಡಿದಿದ್ದರು. ಆ ಅನುಭವದಿಂದ ಅಲ್ಯೂಮಿನಿಯಂ ಕೊಳವೆಗಳನ್ನು ಜೋಡಿಸಿ, ಕೊಡೆಯಂತೆ ಮಡಚುವ ಗಾಡಿ ಮಾಡಿದರು.

ಇಬ್ಬರು ಮಕ್ಕಳ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಕ್ಕಪಕ್ಕ ಕೂರಿಸುವ ಗಾಡಿ ತಳ್ಳಲು, ತಿರುಗಿಸಲು ಸುಲಭ. ಆದರೆ ಅದರ ಅಗಲ ಸುಮಾರು 75 ಸೆಂಟಿಮೀಟರ್; ಕಿರಿದಾದ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಮುಂದೆ ಕೂರಿಸುವ ಗಾಡಿ ಇಕ್ಕಟ್ಟಿನಲ್ಲೂ ನುಸುಳುತ್ತದೆ. ಆದರೆ ಉದ್ದವಾದ್ದರಿಂದ ತಿರುಗಿಸುವುದು, ಫುಟ್‌ಪಾತ್ ಹತ್ತಿಸುವುದು ಕಷ್ಟ. ಆದ್ದರಿಂದ ಕೊಳ್ಳುವ ಮೊದಲು ನಿಮ್ಮ ಮನೆಯ ಬಾಗಿಲು, ಲಿಫ್ಟು, ಕಾರಿನ ಡಿಕ್ಕಿ ಇವನ್ನು ಟೇಪಿನಿಂದ ಅಳೆದುಕೊಂಡು ಹೋಗಿ.

ಇನ್ನು ತೂಕ. ಇಬ್ಬರು ಮಕ್ಕಳದೇ ಸುಮಾರು 20 ಕಿಲೋ. ಗಾಡಿಯದು ಇನ್ನೊಂದು 10 ಕಿಲೋ ಎನ್ನಿ. ಒಟ್ಟು 30 ಕಿಲೋವನ್ನು ಮೆಟ್ಟಿಲ ಮೇಲೆ ಎತ್ತಲು ಒಬ್ಬರಿಗೆ ಆಗದು, ಎತ್ತಲೂಬಾರದು. ಮಕ್ಕಳನ್ನು ಇಳಿಸಿ, ಗಾಡಿಯನ್ನು ಮಡಚಲೇಬೇಕು. ಹಾಗಾಗಿ ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ: ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಿಂದ ಗಾಡಿ ಮಡಚಿ, ಎತ್ತಿ ನೋಡಿ. ಆಗದಿದ್ದರೆ, ಚೀಟಿಯಲ್ಲಿ ಎಷ್ಟೇ ಕಡಿಮೆ ತೂಕ ಬರೆದಿದ್ದರೂ ಅದು ನಿಮಗೆ ಹಗುರವಲ್ಲ.

ಆರು ತಿಂಗಳೊಳಗಿನ ಕೂಸಿಗೆ ಕತ್ತು ನಿಲ್ಲದಿರಬಹುದು. ಅದಕ್ಕೆ ಬಹುಮಟ್ಟಿಗೆ ಚಪ್ಪಟೆಯಾಗಿ ಮಲಗಿಸಬಹುದಾದ ಸೀಟು ಬೇಕು. ಹೆಗಲಿಗೆ ಎರಡು, ಸೊಂಟಕ್ಕೆ ಎರಡು, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವ ಪಟ್ಟಿ ಇರಲಿ. ಹಿಡಿಗೆ ಭಾರದ ಚೀಲ ತೂಗುಹಾಕಬೇಡಿ. ಮಕ್ಕಳನ್ನು ಇಳಿಸಿದೊಡನೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಬಿಸಿಲೆಂದು ಇಡೀ ಗಾಡಿಗೆ ಬಟ್ಟೆ ಹೊದಿಸಿದರೆ ಒಳಗೆ ಸೆಕೆ ಏರಿ ಮಗುವಿಗೆ ಅಪಾಯ.

ರೈಲು ನಿಲ್ದಾಣದಲ್ಲಿ ನಿಂತಾಗ ಬ್ರೇಕ್ ಹಾಕಿ, ಗಾಡಿಯನ್ನು ಹಳಿಗೆ ಮುಖಮಾಡದೆ ಹಳಿಯುದ್ದಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಹಿಡಿಯಿಂದ ಕೈ ತೆಗೆಯಬೇಡಿ. ಎಸ್ಕಲೇಟರ್ ಬೇಡ, ಲಿಫ್ಟ್ ಬಳಸಿ. ವಿಮಾನದಲ್ಲಾದರೆ ಗಾಡಿಯನ್ನು ಎಲ್ಲಿಯವರೆಗೆ ಒಯ್ಯಬಹುದು, ಎಲ್ಲಿ ಒಪ್ಪಿಸಬೇಕು ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ. ಒಂದು ಚೀಲದೊಳಗೆ ಹಾಕಿ ಒಪ್ಪಿಸಿದರೆ ಚಕ್ರಗಳು ಜೋಪಾನ.

ಕೊನೆಯ ಮಾತು: ಹಿರಿಯ ಮಗು ಚೆನ್ನಾಗಿ ನಡೆಯುತ್ತಿದ್ದರೆ ಜೋಡಿ ಗಾಡಿಯೇ ಬೇಕಿಲ್ಲ. ಚಿಕ್ಕದಕ್ಕೆ ಒಂದು ಗಾಡಿ, ದೊಡ್ಡದಕ್ಕೆ ನಿಮ್ಮ ಕೈ ಸಾಕು. ದಾರಿಯಲ್ಲಿ ಆ ಒಂದು ಕೈ ಬಿಡುವಾಗಿರುವುದೇ ಮುಖ್ಯ.