ಕಹಿ ಕಾಳಿನ ಮೂಲ ಹೊಲದಲ್ಲಿದೆ

ಹಿಡಿ ಕಡಲೆಬೀಜ ಬಾಯಿಗೆ ಹಾಕ್ಕೊಂಡಾಗ ಒಂದು ಬೂಸ್ಟು ಹಿಡಿದ ಕಹಿ ಕಾಳು ಸಿಗುತ್ತೆ. ಉಗುಳ್ತೀವಿ, ಅಂಗಡಿಯವನನ್ನು ಬೈತೀವಿ, ಮರೀತೀವಿ. ಆದರೆ ಸ್ವಾಮಿ, ಎಷ್ಟೋ ಸಲ ಆ ಬೂಸ್ಟು ಅಂಗಡಿಯದ್ದಲ್ಲ, ಹೊಲದಿಂದಲೇ ಬಂದಿರುತ್ತೆ.

ಅದರ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಮೂಲ ಹುಡುಕಿದರೆ ಸಿಕ್ಕಿದ್ದು ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿ. ಮನುಷ್ಯರಿಗೆ ಇದರಿಂದ ಲಿವರ್ ಕ್ಯಾನ್ಸರ್ ಬರಬಹುದು. ಹುರಿದರೂ ಪೂರ್ತಿ ಹೋಗಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ಏನಾದರೂ ಕೆಟ್ಟರೆ ಮೊದಲು ಕೇಳೋದು, ಎಲ್ಲಿಂದ ಶುರುವಾಯ್ತು? ಇಲ್ಲಿ ಉತ್ತರ, ಕೊಯ್ಲಿಗೆ ಮುಂಚಿನ ಮೂರ್ನಾಲ್ಕು ವಾರ. ಚಳ್ಳಕೆರೆ, ಪಾವಗಡದ ಕೆಂಪು ನೆಲದಲ್ಲಿ ಕಡಲೆಕಾಯಿ ಬಹುಪಾಲು ಮಳೆ ನಂಬಿದ ಬೆಳೆ. ಕಾಳಿನಲ್ಲಿ ನೀರಿರುವ ತನಕ ಬೂಸ್ಟು ತಡೆಯುವ ರಾಸಾಯನಿಕ ಅದರೊಳಗೇ ತಯಾರಾಗುತ್ತೆ. ಮಳೆ ಕೈಕೊಟ್ಟು, ಕಾಯಿಯ ಸುತ್ತಲ ಮಣ್ಣು 30 ಡಿಗ್ರಿ ಆಸುಪಾಸು ಕಾದು, ಕಾಳು ಬತ್ತಿದರೆ ಆ ಕಾವಲು ನಿಂತುಹೋಗುತ್ತೆ. ಗೆದ್ದಲು ಕೆರೆದ ಸಿಪ್ಪೆ, ಬಿರುಕು ಬಿಟ್ಟ ಸಿಪ್ಪೆ ಬೂಸ್ಟಿಗೆ ದಾರಿ ಮಾಡಿಕೊಡುತ್ತೆ.

ಹಾಗಾದರೆ ಬೇಗ ಕಿತ್ತುಬಿಡಿ ಅನ್ನೋದು ಸ್ಟುಡಿಯೋದಲ್ಲಿ ಕೂತ ನನಗೆ ಸುಲಭ. ತೀರಾ ಬೇಗ ಕಿತ್ತರೆ ಎಳೆ ಕಾಳು, ಸುಕ್ಕು ಕಾಳು. ನೆಲ ಗಟ್ಟಿಯಾಗಿದ್ದಾಗ ಗಿಡ ಎಳೆದರೆ ಕಾಯಿ ಮಣ್ಣಲ್ಲೇ ಉಳಿಯುತ್ತೆ. ಅದಕ್ಕೇ ರೈತ ಒಂದು ಹದ ಮಳೆಗೆ ಕಾಯ್ತಾನೆ. ಕಾದಷ್ಟು ದಿನವೂ ಬೂಸ್ಟಿಗೆ ಲಾಭ. ದಿನ ಲೆಕ್ಕ ಹಾಕುವ ಬದಲು ನಾಲ್ಕು ಕಡೆ ಗಿಡ ಕಿತ್ತು ಕಾಯಿ ಒಡೆದು ನೋಡೋದು ಒಳ್ಳೇದು. ಮುಕ್ಕಾಲು ಪಾಲು ಕಾಯಿಗಳ ಸಿಪ್ಪೆಯ ಒಳಮೈ ಕಪ್ಪಗಾಗಿದ್ದರೆ ಬೆಳೆ ಬಲಿತಿದೆ. ಆಮೇಲೆ ಕಾಯೋದರಲ್ಲಿ ಅರ್ಥವಿಲ್ಲ. ನೀರಿನ ಅನುಕೂಲ ಇದ್ದವರು ಆ ಕೊನೆಯ ವಾರಗಳಲ್ಲಿ ಒಂದು ನೀರು ಕೊಟ್ಟರೆ ಅದೇ ದೊಡ್ಡ ಔಷಧಿ.

ಕಿತ್ತ ಗಿಡವನ್ನು ಕಾಯಿ ಮೇಲಾಗಿ ತಿರುಗಿಸಿ ಒಣಗಿಸಬೇಕು. ತೇವಾಂಶ ಶೇ. 8ಕ್ಕೆ ಇಳಿಯಬೇಕು, ಅಲುಗಿಸಿದರೆ ಗಲಗಲ ಅನ್ನಬೇಕು. ಸುಲಿಯೋಕೆ ಸುಲಭ ಅಂತ ಮತ್ತೆ ನೀರು ಚಿಮುಕಿಸಿದರೆ ಇಷ್ಟೂ ಶ್ರಮ ವ್ಯರ್ಥ.

ಈಗ ನನ್ನ ಪ್ರಶ್ನೆ. ಚೆನ್ನಾಗಿ ಒಣಗಿಸಿದರೆ ತೂಕ ಇಳಿಯುತ್ತೆ. ತೂಕ ಇಳಿದರೆ ದುಡ್ಡು ಇಳಿಯುತ್ತೆ. ಶುದ್ಧ ಕಾಳಿಗೆ ನಾವು ನಾಲ್ಕು ಕಾಸು ಹೆಚ್ಚು ಕೊಡದಿದ್ದರೆ, ರೈತ ಯಾರ ಆರೋಗ್ಯಕ್ಕಾಗಿ ನಷ್ಟ ಮಾಡ್ಕೋಬೇಕು? ಮುಂದಿನ ಸಲ ಕಹಿ ಕಾಳು ಸಿಕ್ಕಾಗ ಉಗುಳಿ, ಖಂಡಿತ ಉಗುಳಿ. ಆದರೆ ಬೈಯುವ ಮುಂಚೆ ಈ ಲೆಕ್ಕ ನೆನಪಿರಲಿ.